ಬಾಯಿ ತೆಗಿ, ಫಾರ್ಗೋ

ನಾಲ್ಕು ಜನ ತಳ್ಳಿ ತಂದು
ರಾಜಾಜಿನಗರದ ನಮ್ಮ ಪೋರ್ಟಿಕೋದಲ್ಲಿ ನಿಲ್ಲಿಸಿ ಹೋದರು:
ಮೂತಿ ಒಳಗೆ, ಹಿಂಭಾಗ ಗೇಟಿನಾಚೆ ಬೀದಿಗೆ.
ಐವತ್ತೆಂಟನೇ ಇಸವಿಯ ಫಾರ್ಗೋ ಪಿಕಪ್ಪು.
ನನಗಿಂತ ಎರಡು ವರ್ಷ ದೊಡ್ಡದು.

ಬಾನೆಟ್ಟು ಎತ್ತಿದೆ.
ತುಕ್ಕು, ಇಲಿಗೂಡು, ಹಳೇ ಎಣ್ಣೆಯ ಕಮಟು.
ಅಭ್ಯಾಸಬಲ, ಕೇಳಿಯೇಬಿಟ್ಟೆ:
ಎಷ್ಟು ದಿನದಿಂದ ನೋವು?

ಮೂವತ್ತಮೂರು ವರ್ಷ ಜನರ ಬಾಯೊಳಗೆ
ಬಗ್ಗಿ ನೋಡಿದವಳು ನಾನು.
ಹೋದ ಯುಗಾದಿಗೆ ಕ್ಲಿನಿಕ್ಕಿನ ಷಟರು ಎಳೆದೆ.
ಯಾಕೆ ಎಂದವರಿಗೆಲ್ಲ, ಮಂಡಿನೋವು ಅಂದೆ.

ಟಿಂಕರಿಂಗಿಗೆ ಬಂದ ಜಬೀವುಲ್ಲಾ
ಜೇಬಿನಿಂದ ಅಯಸ್ಕಾಂತ ತೆಗೆದು
ಮಡ್‌ಗಾರ್ಡಿನ ಉದ್ದಕ್ಕೂ ಮೆಲ್ಲಗೆ ಸರಿಸಿದರು.
ಅಂಟಿತು. ಅಂಟಿತು. ಇಲ್ಲಿ ಜಾರಿ ಬಿತ್ತು.
"ಇಲ್ಲಿ ತಗಡೇ ಇಲ್ಲ ಡಾಕ್ಟ್ರಮ್ಮ, ಬರೀ ಪುಟ್ಟಿ."
ನನಗೆ ಹೇಳಬೇಕೇ.
ಮೇಲೆ ಹೊಳಪು ಕೆಳಗೆ ಹುಳುಕು
ಎಂಥೆಂಥವರ ನಗುವಿನಲ್ಲಿ ಕಂಡಿಲ್ಲ.

ಕೆರೆದೆವು. ಪುಟ್ಟಿಯ ಹಿಂದೆ ಯಾರೋ ಪುಣ್ಯಾತ್ಮ
ಗೋಣಿತಾಟು ತುರುಕಿದ್ದ. ಅದರ ಹಿಂದೆ ಮಡಿಸಿದ
ಮದುವೆಯ ಕರೆಯೋಲೆ. ಹುಡುಗ ಹುಡುಗಿ ಇಬ್ಬರ ಹೆಸರೂ
ತುಕ್ಕಿಗೆ ಹೋಗಿ "ಸಕುಟುಂಬ ಸಪರಿವಾರ" ಮಾತ್ರ ಉಳಿದಿತ್ತು.
ಬಾಗಿಲಲ್ಲಿ ನೀಲಿಯ ಕೆಳಗೆ ಹಸಿರು,
ಹಸಿರಿನ ಕೆಳಗೆ ಮಣ್ಣುಗೆಂಪು, ಅದರ ಮೇಲೆ
ಬ್ರಶ್ಶು ಹಿಡಿದು ಬರೆದ ದುಂಡು ಅಕ್ಷರ:
—ಯ್ಯ ಐಸ್ ಅಂಡ್ ಸೋಡಾ.
ಯಾವ ಅಯ್ಯ? ಮುದ್ದಯ್ಯ, ಬೋರಯ್ಯ, ದಾಸಯ್ಯ,
ಬೀದಿಯವರು ಒಬ್ಬೊಬ್ಬರು ಒಂದೊಂದು ಹೇಳಿ ಹೋದರು.
ಇಸ್ತ್ರಿ ಗಾಡಿಯ ಪೆರುಮಾಳ್ ಮಾತ್ರ
"ಹೆಸರು ಯಾವುದಾದರೇನು, ಸೋಡಾ ಚೆನ್ನಾಗಿತ್ತಾ?" ಅಂದ.

ಕಾರ್ಬುರೇಟರಿಗೆಂದು ಜೆ.ಸಿ. ರಸ್ತೆಗೆ ಆರು ಸಲ.
ಸಂಡೇ ಬಜಾರಿನಲ್ಲಿ ಸಿಕ್ಕ ಬಾಗಿಲ ಹಿಡಿ ಅಂಬಾಸಿಡರಿನದು,
ಉಜ್ಜಿ ಉಜ್ಜಿ ಕೂರಿಸಿದೆವು, ಕಟ್ಟಿಸಿದ ಹಲ್ಲಿನ ಹಾಗೆ.
ಹಳೇ ಗಾಡಿಗಳ ಸಂಘದವರೊಬ್ಬರು ಬಂದು
ಮೂಗು ಮುರಿದರು: ಎಲ್ಲಾ ಒರಿಜಿನಲ್ಲೇ ಇರಬೇಕು ಮೇಡಂ.
ಇರಲಿ ಸ್ವಾಮಿ. ಒರಿಜಿನಲ್ ಡ್ರೈವರು ಆರಡಿ ಇದ್ದಿರಬೇಕು,
ನಾನು ನಾಲ್ಕಡಿ ಹನ್ನೊಂದು.
ಕ್ಲಚ್ಚಿಗೆ ಮರದ ಗಟ್ಟು ಬಿಗಿಸಿದೆ,
ಮುಂದಿನ ಗಾಲಿಗೆ ಡಿಸ್ಕ್ ಬ್ರೇಕು,
ಸೀಟಿನ ಮೇಲೆ ಕ್ಲಿನಿಕ್ಕಿನ ನನ್ನ ಸ್ಟೂಲಿನ ಮೆತ್ತೆ.
ಕೂತೊಡನೆ ಬೆನ್ನಿಗೆ ಗುರುತು ಸಿಕ್ಕಿತು.

ಕಾವೇರಿ ನೀರು ಬಿಟ್ಟ ದಿನ ರೇಡಿಯೇಟರಿಗೆ ಪೈಪು ಇಟ್ಟೆ.
ಮುಕ್ಕಳಿಸು. ಉಗುಳು. ಇನ್ನೊಂದು ಸಲ.
ಮೂರು ಬಕೆಟ್ಟು ಕೆಂಪಗೆ, ನಾಲ್ಕನೆಯದು ಚಹಾದ ಬಣ್ಣ.

ಮಂಡಿಯಲ್ಲ, ಕೈ.
ಕಾಫಿ ಲೋಟದಲ್ಲಿ ಮೊದಲು ಕಂಡದ್ದು, ಸಣ್ಣ ಅಲೆ.
ಹಲ್ಲಿನಲ್ಲಿ ಕೂದಲೆಳೆ ತಪ್ಪಿದರೆ ನರ.
ಇಲ್ಲಿ ತಪ್ಪಿ ತಗಡು ಗೀಚಿದಾಗ
ಜಬೀವುಲ್ಲಾ ಗೀಚನ್ನು ನೋಡಿದರು, ಕೈಯನ್ನಲ್ಲ.
ಎಮರಿ ಕಾಗದ ಮಡಿಸಿ ಕೊಟ್ಟು,
"ಮೊದಲು ನೂರಿಪ್ಪತ್ತು, ಆಮೇಲೆ ಇನ್ನೂರಿಪ್ಪತ್ತು,
ಕೊನೆಗೆ ನಾನೂರು. ಹೋಗುತ್ತೆ" ಅಂದರು.

ಹೋಗುತ್ತೆ ಅನ್ನುವ ಮಾತು
ನಾನು ಎಷ್ಟೋ ಸಾವಿರ ಜನಕ್ಕೆ ಹೇಳಿದ್ದೆ.

ಮೊನ್ನೆ ಗುರುವಾರ, ಹದಿನೇಳನೇ ಸಲಕ್ಕೆ, ಹತ್ತಿಕೊಂಡಿತು.
ಎದುರು ಮನೆಯ ಕಮಲಾಕ್ಷಿ ಹೊಗೆಗೆ ಕಿಟಕಿ ಹಾಕಿ
ಮತ್ತೆ ತೆಗೆದರು, ನೋಡಲು.
ಬಾನೆಟ್ಟು, ಬಾಗಿಲು, ಕನ್ನಡಿ, ಸ್ಟೀರಿಂಗು
ಎಲ್ಲಾ ಗಡಗಡ ಗಡಗಡ.
ಹಿಡಿದು ಕೂತೆ. ಅದರ ನಡುಕ ಎಲ್ಲಿ ಮುಗಿದು
ನನ್ನದು ಎಲ್ಲಿ ಶುರುವಾಗುತ್ತದೋ
ಯಾರ ಕಣ್ಣಿಗೂ ತಿಳಿಯುವ ಹಾಗಿರಲಿಲ್ಲ.

ರಿವರ್ಸಿನಲ್ಲಿ ಗೇಟು ದಾಟಿ, ಎರಡನೇ ಗೇರಿನಲ್ಲಿ
ಇಸ್ತ್ರಿ ಗಾಡಿಯವರೆಗೆ ಹೋದದ್ದು ನಿಜ.
ಅಲ್ಲಿ ಒಮ್ಮೆ ತೇಗಿ ನಿಂತುಬಿಟ್ಟಿತು.
ಪೆರುಮಾಳ್ ಕೆಂಡದ ಪೆಟ್ಟಿಗೆ ಪಕ್ಕಕ್ಕಿಟ್ಟ,
ಕಮಲಾಕ್ಷಿ ಸೆರಗು ಸಿಕ್ಕಿಸಿಕೊಂಡು ಬಂದರು,
ಅವರ ಮೊಮ್ಮಗ, ಹಾಲಿನ ಹುಡುಗ, ಸಂಘದ ಆ ಮೂಗಿನವರೂ.
ತಳ್ಳಿಕೊಂಡು ಬಂದರು ನಮ್ಮನ್ನು
ಸಕುಟುಂಬ, ಸಪರಿವಾರ.