ಬೆಂಚು ಎಲ್ಲಿಡಬೇಕು

ಮೊದಲ ದಿನ ಗೆರೆ ಎಳೆಯಲಿಲ್ಲ.
ಗಂಜಿನ ಹಿಂದಿನ ಬಯಲಿಗೆ
ಚಪ್ಪಲಿ ಬಿಟ್ಟು ಹೋದೆ.
ಮೇ ತಿಂಗಳ ಕಲಬುರಗಿ, ಮಧ್ಯಾಹ್ನ ಎರಡು.
ಯಾರೋ ಹಾಸಿ ಮರೆತ ಶಹಾಬಾದಿ ಫರಸಿಯ ಮೇಲೆ
ಹನ್ನೊಂದು ಹೆಜ್ಜೆ.
ಹನ್ನೆರಡನೆಯದಕ್ಕೆ ಅಂಗಾಲು ಅಂದಿತು:
ಸಾಕು, ತಿಳೀತು.

ಮರ ಒಂದೇ, ಬೇವಿನದು.
ಸುಣ್ಣದ ಕಡ್ಡಿ ಹಿಡಿದು ಗಂಟೆಗೊಮ್ಮೆ
ಅದರ ನೆರಳಿನ ಅಂಚು ಬರೆದೆ.
ಸಂಜೆಗೆ ನೆಲದ ತುಂಬ
ಚಾದರ ಎಳೆದೆಳೆದು ಹಾಸಿದಂಥ ಗುರುತು.
ಆ ಗುರುತುಗಳ ಒಳಗೇ, ಕಣ್ಣು ಬಿಡದೆ,
ಸರಿಯುತ್ತ ಮಲಗಿದ್ದ ಹಮಾಲ ಸಾಯಬಣ್ಣ.
ಹತ್ತಕ್ಕೆ ಬುಡದ ಪಡುವಣಕ್ಕಿದ್ದವ
ನಾಲ್ಕಕ್ಕೆ ಮೂಡಣದಲ್ಲಿದ್ದ.
ಅವನ ಬೆನ್ನಿಗೆ ಗೊತ್ತಿದ್ದ ನಕ್ಷೆ
ನನ್ನ ಐದು ವರ್ಷದ ಕಾಲೇಜಿಗೆ ಗೊತ್ತಿರಲಿಲ್ಲ.

ಪಾಲಿಕೆಯ ಇಂಜಿನಿಯರು ಗುಂಡೇರಾಯರು ಕೇಳಿದರು:
"ಫೌಂಟೇನ್ ಎಲ್ಲಿ ಮೇಡಂ?
ಒಂದ್ ಕಮಾನಿನ ಗೇಟು? ಹಸರ ಲಾನು?
ಉದ್ಘಾಟನಾ ಕಲ್ಲಿಗರೆ ಜಾಗಾ ಬಿಡ್ರಿ."
ಕಲ್ಲಿಗೆ ಜಾಗ ಬಿಟ್ಟೆ. ಉಳಿದದ್ದಕ್ಕೆ
ನೀರಿನ ಲೆಕ್ಕ ತೋರಿಸಿದೆ.
ಲೆಕ್ಕಕ್ಕೆ ಹೆದರುವ ಮನುಷ್ಯ. ಒಳ್ಳೆಯವರು.

ಬಯಲಿನ ನಡುವೆ ಓರೆಯಾಗಿ ಒಂದು ಕಾಲುದಾರಿ,
ಹುಲ್ಲು ಹುಟ್ಟದಷ್ಟು ತುಳಿದದ್ದು.
ಯಾರೂ ಬರೆದದ್ದಲ್ಲ, ಆದರೂ ತಿದ್ದಿ ತಿದ್ದಿ ಮಾಡಿದ್ದು:
ಮಳೆಗಾಲದ ಗುಂಡಿಗೊಂದು ಬಳಸು,
ಈಗ ಇಲ್ಲದ ಯಾವುದೋ ಕಂಬಕ್ಕೊಂದು ಬಳಸು.
ಕಂಬ ಹೋಗಿ ಎಷ್ಟು ಕಾಲವಾಯಿತೋ,
ಕಾಲು ಇನ್ನೂ ಅದಕ್ಕೆ ದಾರಿ ಬಿಡುತ್ತಿದೆ.
ಚೌಕ ಕಾಗದದ ಮೇಲೆ ಇದೊಂದು ತಪ್ಪು ಗೆರೆ.
ನಾನು ಚೌಕವನ್ನೇ ಓರೆ ಮಾಡಿದೆ.

ಬೇಳೆ ಮಿಲ್ಲಿನ ಹೆಂಗಸರದು ಆ ದಾರಿ.
ಹತ್ತು ದಿನ ಕೇಳಿದ್ದೆ: ಇಲ್ಲಿ ನಿಮಗ ಏನು ಬೇಕ್ರಿ?
"ಎಲ್ಲಾ ಛಲೋನೇ ಅದ ಬಿಡ್ರಿ" ಅಂದು ನಕ್ಕು ಹೋದರು.
ಹನ್ನೊಂದನೆಯ ದಿನ ಕೇಳಲಿಲ್ಲ.
ತೊಗರಿ ಹೊಟ್ಟಿನ ಒಂದು ಗಂಟು
ನಾನೇ ತಲೆಗೇರಿಸಿಕೊಂಡು ಅವರ ಹಿಂದೆ ನಡೆದೆ.
ಅರ್ಧ ದಾರಿಗೆ ಕುತ್ತಿಗೆ ಕೇಳಿತು:
ಇಳಿಸುವುದು ಎಲ್ಲಿ?
ನೆಲಕ್ಕಿಳಿಸಿದರೆ ಮತ್ತೆ ಎತ್ತಿಕೊಡುವವರು ಯಾರು?
ಹಿಂದಿನಿಂದ ಅಂಬವ್ವ ಅಂದಳು:
"ಅದಕ್ಕೇ ನಾವು ಎಲ್ಲೂ ಕುಂದ್ರಂಗಿಲ್ಲ ನೋಡವ್ವಾ."

ಆ ರಾತ್ರಿ ಬೆಂಚುಗಳನ್ನೆಲ್ಲ ಅಳಿಸಿದೆ.
ಅಂಬವ್ವನ ಭುಜದ ಎತ್ತರಕ್ಕೆ,
ನಾಲ್ಕು ಅಡಿ ಎರಡು ಅಂಗುಲ, ಒಂದು ಗೋಡೆ.
ಮೇಲೆ ಅಗಲ ಫರಸಿ, ಗಂಟು ಇಳಿಯಲಿಕ್ಕೆ.
ಮೂಡಣ ಮಗ್ಗುಲಿಗೆ ತಗ್ಗು ಕಟ್ಟೆ,
ಗೋಡೆಯ ನೆರಳು ಮೂರು ಗಂಟೆಗೆ ಬೀಳುವಲ್ಲಿ,
ಮಂದಿ ಇಳಿಯಲಿಕ್ಕೆ.
ಪೊದೆ ಮೊಣಕಾಲು ದಾಟಬಾರದು,
ಆಚೆ ಯಾರಿದ್ದಾರೆಂದು ಕಾಣಬೇಕು.
ದೀಪ ಮರದ ಹಿಂದಲ್ಲ, ಮುಂದೆ.

ಹೋದ ವಾರ ಹೋಗಿದ್ದೆ, ಯಾರಿಗೂ ಹೇಳದೆ,
ಎರಡು ವರ್ಷದ ಮೇಲೆ.
ಗೋಡೆಯ ಮೇಲೆ ಗಂಟುಗಳು ಸಾಲಾಗಿ ಕುಳಿತಿದ್ದವು.
ಕಟ್ಟೆಯ ಮೇಲೆ ಹುಡುಗರ ಕೇರಂ ಬೋರ್ಡು;
ಹೆಂಗಸರು ಕೆಳಗೆ ನೆಲದಲ್ಲಿ,
ನನ್ನ ಕಟ್ಟೆಗೆ ಬೆನ್ನು ಕೊಟ್ಟು, ಕಾಲು ನೀಡಿ.
ಉದ್ಘಾಟನಾ ಕಲ್ಲಿಗೆ ಒರಗಿ ಚಾಂದಪಾಶಾನ ಚಹಾದ ಒಲೆ,
ಮಸಿಯೊಳಗೆ ಅರ್ಧ ಮುಳುಗಿದ ಸಚಿವರ ಹೆಸರು.
ಒಂದು ಹೊಸ ಕಾಲುದಾರಿ ಮೂಡಿದೆ,
ನಾನು ಕಲ್ಲು ಹಾಸಿದ ದಾರಿಯನ್ನು ನಡುವೆ ಕತ್ತರಿಸಿ
ಸೀದಾ ಚಹಾದ ಕಡೆಗೆ.
ಚೀಲದಲ್ಲಿ ಸುಣ್ಣದ ಕಡ್ಡಿ ಇತ್ತು. ತೆಗೆಯಲಿಲ್ಲ.

ಬೇವಿನ ಬುಡದಲ್ಲಿ ಸಾಯಬಣ್ಣ, ಅದೇ ನೆಲದ ಮೇಲೆ.
"ಕಾಕಾ, ಎಲ್ಲಿ ಕೂಡಲಿ?"
ಅವನು ಕಣ್ಣು ಬಿಡಲಿಲ್ಲ, ಒಂದು ಗೇಣು ಸರಿದ.
ನನಗೆಂದು ಸರಿದನೋ
ನೆರಳು ಸರಿಯಿತೆಂದು ಸರಿದನೋ.
ಅಷ್ಟು ಜಾಗದಲ್ಲಿ ಕುಳಿತೆ.