ಮೂರನೇ ಕ್ಯಾಬಿನ್ನಿನ ಇನ್ನೊಬ್ಬಾಕಿ

ಮಂಗಲಪೇಟದ ಹಾದಿಗಿ ನಮ್ಮ ಸೈಬರ್ ಕೆಫೆ ಇತ್ತು,
ಪ್ಲೈವುಡ್ಡಿನ ನಾಕು ಕ್ಯಾಬಿನ್, ಕುಂಯ್‌ಗುಡೋ ಯುಪಿಎಸ್,
ಹೈದರಾಬಾದಿನಿಂದ ಬಸ್ ಡ್ರೈವರನ ಕೈಲೆ ಬರೋ
ಉಗುರಲೆ ಕೆರೆದು ನಂಬರ್ ನೋಡೋ ಕಾರ್ಡು.
ಬೂತಿನಾಗ ಬಹರೇನಿಗಿ ನಿಮಿಷಕ್ಕ ಎಷ್ಟಂತ ಕೇಳಿದವರು
ರಿಸೀವರ್ ಕೆಳಗ ಇಟ್ಟೇ ಬಿಡ್ತಿದ್ರು.
ನಮ್ಮಲ್ಲಿ ಆರು ರೂಪಾಯಿ.
ನಾ ರಜಿಸ್ಟರ್ ಬರೀತಿದ್ದೆ, ಗಡಿಯಾರ ನೋಡ್ತಿದ್ದೆ,
ಕೇಳಬಾರದ್ದು ಕೇಳ್ತಿದ್ದೆ.

ಶುಕ್ರವಾರ ಅಲ್ಲಿ ರಜಾ.
ಶುಕ್ರವಾರ ಮೂರಕ್ಕ ಸಂಪತಬಾಯಿ,
ಸಾಲ್ಯಾಗ ಇನ್ನೂರು ಹುಡುಗರಿಗಿ ಅನ್ನ ಬಡಿಸಿ, ಹಂಡೆ ತಿಕ್ಕಿ,
ಸೆರಗಿನ ಗಂಟಿನಾಗ ಮೂವತ್ತು ರೂಪಾಯಿ, ಅಂದ್ರ ಐದು ನಿಮಿಷ.
ಮೂರನೇ ಕ್ಯಾಬಿನ್ನೇ ಬೇಕು ಆಕಿಗಿ.
ಸ್ಪಂಜು ಹರಿದ ಹೆಡ್‌ಫೋನ್ ಸೆರಗಿನ ಮ್ಯಾಲೇ ಏರಿಸಿ
"ಹಲೋ" ಅಂತಿದ್ದಳು, ಬಾವ್ಯಾಗ ಕೊಡ ಬಿಟ್ಟಂಗ.
ಆಮ್ಯಾಲ ಕಾಯ್ತಿದ್ದಳು.

ಒಂದೂವರೆ ಸೆಕೆಂಡ್.
ಮಾತು ಹೋಗಿ ಮುಟ್ಟಲಿಕ್ಕ ಅಷ್ಟು ಬೇಕು.
ಹೊಸಬರು ಇಬ್ಬರೂ ಒಮ್ಮಿಗೇ ಮಾತಾಡಿ, ಒಮ್ಮಿಗೇ ಸುಮ್ಮಾಗಿ,
"ನೀ ಹೇಳು", "ಇಲ್ಲ ನೀ ಹೇಳು" ಅಂತ
ಹನ್ನೆರಡು ರೂಪಾಯಿ ಕಳೀತಿದ್ರು.
ಸಂಪತಬಾಯಿ ಒಂದೇ ವಾರದಾಗ ಕಲ್ತಳು.

ಘಾಳೆಪ್ಪ ವೆಲ್ಡರ್. ಮಾತು ಕಮ್ಮಿ. ಆದ್ರೂ
ಹರಿದ ಸ್ಪಂಜಿನಿಂದ ಅವನ ದನಿ ಥೋಡೆ ಸೋರ್ತಿತ್ತು.
ಮ್ಯಾಲ ಟ್ರೇನಿಂಗಿನ ವಿಮಾನ ಹಾದರ
"ಅದು ನಮ್ಮ ಬೀದರದ್ದಲಾ?" ಅಂತಿದ್ದ.
"ಹೂಂ, ನಮ್ಮದೇ" ಅಂತಿದ್ದಳು,
ಹಿತ್ತಲದಾಗ ಕಟ್ಟಿದ ಎಮ್ಮಿ ಹೇಳಿದಂಗ.

ಖರೆ ಸಂಗತಿ ನನಗ ತಿಳಿದದ್ದು ತಡಾ ಆಗಿ.
ಆ ಕಂಪ್ಯೂಟರಿಗಿ ಒಂದು ರೋಗ ಇತ್ತು,
ನಾವು ಅಂದದ್ದೇ ತಿರುಗಿ ನಮ್ಮ ಕಿವಿಗಿ ಬೀಳ್ತಿತ್ತು.
ಆಕಿ ಗಂಡಗ "ಉಂಡ್ರಿ?" ಅಂತಿದ್ದಳು.
ಅವ ಬಾಯಿ ಬಿಡೂಕಿನ ಮೊದಲು
ಯಾರೋ ಒಬ್ಬಾಕಿ, ಸಮುದ್ರದ ಆಚಿಂದ, ಸಣ್ಣ ದನಿಲೆ
"ಉಂಡ್ರಿ?" ಅಂತ ಆಕಿಗೇ ಕೇಳ್ತಿದ್ದಳು.

ಮನ್ಯಾಗ ಅತ್ತಿಗಿ ಆಕಿ "ಏ",
ಸಾಲ್ಯಾಗ "ಆಯಾ, ಸಾಂಬಾರ್",
ಘಾಳೆಪ್ಪ "ಉಂಡಿ?" ಅಂದ್ರ ಅದೇ ದೊಡ್ಡದು.
"ರಿ" ಹಚ್ಚಿ ಆಕಿಗಿ ಊಟ ಕೇಳಿದಾಕಿ
ಹುಟ್ಟಿದಾಗಿಂದ ಇವಳೊಬ್ಬಳೇ.

"ಹೂಂರಿ, ಉಂಡೀನಿ. ನೀವು?" ಅಂದಳು ಒಂದು ಶುಕ್ರವಾರ.
ಒಂದೂವರೆ ಸೆಕೆಂಡ್.
"ಹೂಂರಿ, ಉಂಡೀನಿ. ನೀವು?"
ನಡುವ ಘಾಳೆಪ್ಪ: "ಯಾರ ಸಂಗಟ ಮಾತಾಡ್ಲತ್ತಿ?"
"ಲೈನ್ ಸರಿ ಇಲ್ಲ" ಅಂದಳು, ಸೆರಗು ಬಾಯಿಗಿ ಒತ್ತಿ.
ಆ ದಿನ ಏಳು ನಿಮಿಷ ಆಗಿತ್ತು. ನಾ ಐದೇ ಬರದೆ.
ರಿಪೇರಿ ಮಾಡೋ ಹುಡುಗ ಬಂದಾಗೆಲ್ಲಾ
ಮೂರನೇದಕ್ಕ ಕೈ ಹಚ್ಚಬ್ಯಾಡ ಅಂತಿದ್ದೆ.

ಈಗ ಕ್ಯಾಬಿನ್ ಇಲ್ಲ. ಅದೇ ಪ್ಲೈವುಡ್ಡಿಗಿ ಮಳಿ ಹೊಡದು
ಮೊಬೈಲ್ ಕವರ್ ತೂಗಹಾಕೀನಿ.
ಬಹರೇನಿಗಿ ಪೈಸಾ ಹತ್ತಲ್ಲ, ಮಾರಿ ಸುದ್ದಾ ಕಾಣ್ತದ,
ಕ್ಯಾಂಪಿನ ಮಂಚ, ಮಂಚದ ಸರಳಿಗಿ ಒಣಗಿಸಿದ ಬನಿಯನ್ನು.
ಫೋನ್ ಹಚ್ಚಿ ಗ್ವಾಡಿಗಿ ಆನಿಸಿಟ್ಟು
ತಾಸುಗಟ್ಟಲೆ ರೊಟ್ಟಿ ಬಡೀತಾರ ಮಂದಿ.

ಮೊನ್ನಿ ಬಂದಿದ್ದಳು, ಒಡೆದ ಗ್ಲಾಸ್ ಹಾಕಿಸಲಿಕ್ಕ.
"ಆವಾಜ್ ಭಾಳ ಸಾಫ್ ಅದ ತಮ್ಮಾ" ಅಂದಳು.
ಅಂದು ಸುಮ್ಮ ನಿಂತಳು.
"ಆ ಇನ್ನೊಬ್ಬಾಕಿ ಬರಲ್ಲ ನೋಡು ಇದರಾಗ."

ಸೆಟ್ಟಿಂಗಿನಾಗ ಹುಡುಕಿದೆ, ಖರೇನೇ ಹುಡುಕಿದೆ.
ಮಾರ್ದನಿ ತೆಗೀಲಿಕ್ಕ ಗುಂಡಿ ಅದ.
ಹಾಕ್ಲಿಕ್ಕ ಇಲ್ಲ.
ಎಂಬತ್ತು ರೂಪಾಯಿ ಗಂಟು ಬಿಚ್ಚಿ ಎಣಿಸಿ ಕೊಟ್ಟಳು.
"ಉಂಡ್ರಿ?" ಅಂದುಬಿಟ್ಟೆ ನಾ.

ಆಕಿ ಕಾಯ್ದಳು.
ಮ್ಯಾಲ ವಿಮಾನ ಒಂದು ಹಾದು ಹೋಯ್ತು.