ಖಾಲಿ ಹೆಜ್ಜಿ

ಬೆಟಗೇರಿ ಶಾಲಿ ಮೈದಾನ, ಮುಂಜಾನೆ ಆರೂಕಾಲು.
ಒಂಬತ್ತು ಮಂದಿ ನಾವು, ಚಪ್ಪಲಿ ಗ್ವಾಡಿ ಬುಡಕ್ಕ.
ಕಬಾಡಿ ಟೀಚರ್ ನಮ್ಮ ಕಡೆ ಮುಖ ಮಾಡಿ ನಿಂತು
‘ಒಟ್ಟು ಇಪ್ಪತ್ನಾಲ್ಕು ಭಂಗಿ’ ಅಂದರು,
‘ಮೊದಲು ಎಡಗಾಲು ತಗೀರಿ. ಹಗೂರಕ, ನೀರಾಗ ನಿಂತಾಂಗ.’

ಅವರ ಎಡ ನಮ್ಮ ಕಣ್ಣಿಗೆ ಬಲಕ್ಕಿತ್ತು.
ಏಳು ಮಂದಿ ಬಲಗಾಲು ತಗದರು.
ಢಾಲಾಯತ ಮಾಸ್ತರು ಎರಡನ್ನೂ ತಗಿಲಿಕ್ಕೆ ಹೋಗಿ
ಹುಯಿಲಗೋಳರ ಹೆಗಲು ಹಿಡದರು.
ನಾನೊಬ್ಬನ ಸರಿ.

ಮೂವತ್ತೆಂಟು ವರ್ಷ ಮೊಳೆ ಜೋಡಿಸಿದ ಕೈ ಇದು.
ಸ್ಟಿಕ್ಕಿನಾಗ ಅಕ್ಷರ ಯಾವತ್ತಿಗೂ ಉಲ್ಟಾ.
ಮದುವಿ ಕಾರ್ಡು, ಹತ್ತಿ ಅಡತಿಯವರ ಪಾವತಿ ಪುಸ್ತಕ,
ಶಿವಗಣಾರಾಧನಿ ಪತ್ರ,
ಎಲ್ಲಾ ಕನ್ನಡಿ ಬೆನ್ನಿನ ಕಡಿಂದ ಓದಿದವ.
ಟೀಚರೂ ಒಂದು ಮೊಳೆ ಅಂದುಕೊಂಡೆ,
ನಿಂತಾಂಗ ಓದಿದೆ, ಹೊಳ್ಳಿಸಿ ಒತ್ತಿದೆ.

ಎರಡನೇ ವಾರ ಕುದುರಿ ಜೂಲು ಸೀಳೂದು.
ಮೂರಕ್ಕ ಬೆಳ್ಳನ ಕೊಕ್ಕರಿ ರೆಕ್ಕಿ ಬಿಚ್ಚೂದು.
ನನ್ನ ಕೊಕ್ಕರಿಗೆ ರಟ್ಟಿ ಹಿಡದೈತಿ,
ಬಲಗೈ ಕಿವಿಮಟ ಏರಿ ಅಲ್ಲೇ ಕುಂತುಬಿಡತೈತಿ.
ಟೀಚರ್ ಬಗ್ಗಿ ನನ್ನ ಮುಂದಿನ ಕಾಲು ಮುಟ್ಟಿದರು:
‘ಇದು ಖಾಲಿ ಇರಬೇಕ್ರಿ ಕಾಕಾ. ಭಾರ ಎಲ್ಲಾ ಹಿಂದಿನ ಕಾಲಿಗೆ.’
ಖಾಲಿ ಮಾಡಲಿಕ್ಕೆ ಹೋದೆ.
ಮೊಣಕಾಲು ಗಡಗಡ.

ಆಗ ನೆನಪಾದವು,
ಅಕ್ಷರದ ಖಾನಿ ಪಕ್ಕದ ಖಾನಿಯೊಳಗಿನ ಕುಳ್ಳ ಸೀಸಗಳು,
ತಲಿ ಮ್ಯಾಲೆ ಏನೂ ಇಲ್ಲದವು.
ಹಾಳಿ ಮ್ಯಾಲಿನ ಬಿಳಿ ಜಾಗಾ ಪುಕ್ಕಟೆ ಬರೂದಿಲ್ಲ,
ಅದನ್ನೂ ಆರಿಸಬೇಕು, ಬಿಗಿಯಾಗಿ ಕೂಡಿಸಬೇಕು,
ಇಲ್ಲಂದ್ರ ಚೌಕಟ್ಟು ಎತ್ತಿದ ಕೂಡಲೇ ಸಾಲು ನೆಲಕ್ಕ.
ಒಮ್ಮೆ ಚೆಲ್ಲಿದ್ದೆ, ಪಂಚಾಂಗದ ಇಡೀ ಪುಟ.
ಮಾಲಕರು ಮೂರು ದಿನ ಮಾತಾಡಲಿಲ್ಲ.
ಆ ಸೀಸ ಎಲ್ಲಾ ಕಿಲೋ ಲೆಕ್ಕದಾಗ ಹೋಯಿತು,
ಅದರ ತೂಕ ಬೆರಳಿಗಷ್ಟ ಗೊತ್ತೈತಿ.
ಬೆರಳು ಹೇಳಿತೋ, ಕಾಲು ಕೇಳಿಸಿಕೊಂಡಿತೋ,
ಪಾದ ತಾಗಿಯೂ ತಾಗದಾಂಗ ನಿಂತಿತು,
ಗುಡ್ಡದ ಮ್ಯಾಲಿನ ಗಾಳಿಫ್ಯಾನು
ಒಂದು ಸುತ್ತು ಮುಗಿಸೂ ತನಕ.

ಇವತ್ತು ಟೀಚರ್, ‘ನಿಮಗ ರೂಢಿ ಆತು’ ಅಂತ
ನಮಗ ಬೆನ್ನು ಮಾಡಿದರು.
ಅವರ ಎಡ ಈಗ ನಮ್ಮ ಎಡ. ಎಲ್ಲಾರಿಗೂ ಸಲೀಸು.
ಎಲ್ಲಾರೂ ಎಡಕ್ಕ ಹೊಳ್ಳಿದರು,
ನಾನು ಬಲಕ್ಕ.
ಢಾಲಾಯತ ಮಾಸ್ತರು ಎದುರಿಗೇ ಬಂದರು.
ಇಬ್ಬರ ಅಂಗೈಯೂ ಮುಂದಕ್ಕ ಚಾಚಿತ್ತು,
ನಡುವ ಒಂದು ಕುಳ್ಳ ಸೀಸ ಹಿಡಿಸೂವಷ್ಟು ಗಾಳಿ.
‘ಯಾಕ್ರೀ, ಪ್ರೂಫು ನೋಡಿಲ್ಲೇನು?’ ಅಂದರು.
ನೋಡೂಣು ಬಿಡ್ರಿ ಮಾಸ್ತರ,
ಇನ್ನೂ ಇಪ್ಪತ್ತು ಅದಾವು.